ಉಪಕಾರದ ಫಾರಮ್ಮು

ತಕ್ಕಡಿ ಸಾಹೇಬರ ಅಂದಿನ ಫಜೀತಿಗೆಲ್ಲ ಮೂಲ ಎಡಗಾಲಿನ ಚಪ್ಪಲಿಯ ಉಂಗುಷ್ಟ. ಹೊಲಿಗೆ ಬಿಟ್ಟು ಒಂದೇ ಎಳೆಯಲ್ಲಿ ಅದು ನೇತಾಡುತ್ತಿತ್ತು. ಬೀದಿ ತುದಿಯ ಚಪ್ಪಲಿ ರಿಪೇರಿಯವನು ಕಂಡು, “ಬನ್ನಿ ಸಾಹೇಬ್ರೆ, ಎರಡು ಹೊಲಿಗೆ ಹಾಕ್ಕೊಡ್ತೀನಿ. ನಿಮ್ಮ ಹತ್ರ ಏನ್ ಇಸ್ಕೊಳ್ಳೋದು, ಕೋರ್ಟ್ ಸಮಿತಿಯೋರು ನೀವು” ಎಂದ. ಅವನು ಅಷ್ಟು ಹೇಳದಿದ್ದರೆ ಚಪ್ಪಲಿ ಸರಿಹೋಗುತ್ತಿತ್ತು, ಈ ಕತೆಯೂ ಇರುತ್ತಿರಲಿಲ್ಲ.

ಸಾಹೇಬರು ಚೇಳು ಕುಟುಕಿದವರಂತೆ ಕಾಲು ಹಿಂದಕ್ಕೆ ಎಳೆದುಕೊಂಡರು.

“ಉಪಕಾರ! ಬೆಳಗಾಗೆದ್ದು ಉಪಕಾರ! ನನ್ನನ್ನ ಏನಂತ ತಿಳ್ಕೊಂಡಿದ್ದೀಯಯ್ಯಾ?” ಎಂದು ಗುಡುಗಿ, ಕಾಲನ್ನು ಎಳೆಯುತ್ತಲೇ ಮನೆಗೆ ನಡೆದರು.

ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು ಅವರು. ಅಂಗಡಿಯವರು ತೂಕದ ಬಟ್ಟಿನ ಬುಡ ಕೆರೆದು ಹತ್ತು ಗ್ರಾಂ ಹಾರಿಸಿದರೂ ಹಿಡಿದು ಹಾಕುತ್ತಿದ್ದರು. ಅದಕ್ಕೇ ಊರು ಆ ಹೆಸರಿಟ್ಟಿತ್ತು. ನಿವೃತ್ತಿಯಾದ ಮೇಲೆ ಸಿಟ್ಟಿಗೆ ಕೆಲಸವಿಲ್ಲದೆ ಮನೆಯ ಉಪ್ಪಿನ ಡಬ್ಬಿಯನ್ನೇ ತೂಗಿ ನೋಡುತ್ತಿದ್ದಾಗ ಕೋರ್ಟಿನ ಪ್ರಕಟಣೆ ಕಣ್ಣಿಗೆ ಬಿತ್ತು. ವಕೀಲರ ಮೇಲೆ ಜನ ಕೊಟ್ಟ ದೂರುಗಳನ್ನು ವಿಚಾರಿಸಿ ಕೋರ್ಟಿಗೆ ಸಲಹೆ ಕೊಡುವ ಸಮಿತಿ. ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು, ಐದು ಜನ ವಕೀಲರು, ಜೊತೆಗೆ ಒಬ್ಬ ಸಾಮಾನ್ಯ ನಾಗರಿಕ. ಸಂಬಳವಿಲ್ಲ, ಭತ್ಯೆಯಿಲ್ಲ. ಆರು ತಿಂಗಳಿಗೊಮ್ಮೆ ಸಭೆ. ನಾಗರಿಕ ಸದಸ್ಯ ಕುರ್ಚಿಯಲ್ಲಿಲ್ಲದೆ ಯಾವ ದೂರನ್ನೂ ಕೈಗೆತ್ತಿಕೊಳ್ಳಕೂಡದು. ಸಾಹೇಬರು ಅವತ್ತೇ ಅರ್ಜಿ ಹಾಕಿದರು.

ಮೊದಲನೇ ಸಭೆಯ ದಿನವೇ ಅವರು ಕಂಡದ್ದೇನು? ದೂರು ಯಾರ ಮೇಲಿತ್ತೋ ಆ ವಕೀಲ, ದೂರು ಕೇಳಬೇಕಾದ ಸದಸ್ಯನ ಜೊತೆ ಕ್ಯಾಂಟೀನಿನಲ್ಲಿ ಒಂದೇ ಬನ್ನು ಮುರಿದು ತಿನ್ನುತ್ತಿದ್ದ. ಸಾಹೇಬರ ಮೈಯೆಲ್ಲ ಉರಿದುಹೋಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ತಾನೆ? ಮೇಜು ಕುಟ್ಟಿ ಕುಟ್ಟಿ ಒಂದು ಹೊಸ ನಿಯಮ ಮಾಡಿಸಿದರು. ಪ್ರತಿ ಸದಸ್ಯನೂ ಬಾಗಿಲಲ್ಲಿ ಫಾರಂ ತುಂಬಬೇಕು: ‘ಈ ದಿನ ದೂರಿಗೆ ಒಳಗಾದ ವಕೀಲರಿಂದ ಯಾವ ಉಪಕಾರವನ್ನಾದರೂ ಪಡೆದಿದ್ದೀರಾ?’ ಪಡೆದಿದ್ದರೆ ಆ ದೂರು ಮುಗಿಯುವವರೆಗೂ ಹೊರಗೆ.

ಮನೆಯಲ್ಲೂ ಬಿಡಲಿಲ್ಲ. ‘ಈ ಮನೆಯಲ್ಲಿ ವಕೀಲರ ವಿಷಯ ಎತ್ತಕೂಡದು’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದರು. ಹೆಂಡತಿ ಅದನ್ನು ಓದಿ, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಿದ್ದರು.

ಇವತ್ತಿನ ಸಭೆಗೆ ಇದ್ದದ್ದು ಹದಿನೇಳನೇ ನಂಬರಿನ ದೂರು. ಸದಸ್ಯರಿಗೆ ಕಳಿಸಿದ ಪ್ರತಿಯಲ್ಲಿ ದೂರುದಾರರ ಹೆಸರು, ವಿಳಾಸಗಳಿಗೆ ಕಪ್ಪು ಮಸಿ ಬಳಿದಿತ್ತು. ಉಳಿದದ್ದಿಷ್ಟು: ಒಬ್ಬ ಹೆಂಗಸು ತನ್ನ ತಾಯಿಯ ಮನೆಯ ಪತ್ರಗಳನ್ನು ವಕೀಲನಿಗೆ ಕೊಟ್ಟು ನಾಲ್ಕು ವರ್ಷವಾಗಿದೆ. ಅವನು ಕೇಸೂ ಹಾಕಿಲ್ಲ, ಪತ್ರಗಳನ್ನೂ ವಾಪಸು ಕೊಟ್ಟಿಲ್ಲ. ಮಂಡಿನೋವಿನಲ್ಲೇ ಅವನ ಕಚೇರಿಯ ಮೂರು ಮಹಡಿ ನಲವತ್ತೊಂದು ಸಲ ಹತ್ತಿದ್ದಾಳೆ. ಪ್ರತಿಸಲವೂ ಒಂದೇ ಮಾತು, “ನಾಳೆ ಬನ್ನಿ.”

“ನಲವತ್ತೊಂದು ಸಲ!” ಸಾಹೇಬರು ಕನ್ನಡಿಯ ಮುಂದೆ ಹಲ್ಲು ಕಡಿದರು. “ಇವತ್ತು ಆ ಮನುಷ್ಯನ ಚಳಿ ಬಿಡಿಸ್ದೆ ಇದ್ರೆ ಕೇಳು!”

ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತಂದುಕೊಟ್ಟರು. “ಹೊತ್ತಿಗೆ ಸರಿಯಾಗಿ ಹೊರಡಿ. ಇವತ್ತು ಮಾತ್ರ ತಡ ಮಾಡ್ಬೇಡಿ ಕಂಡ್ರಿ.” ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಕೇಳದೆಯೇ ಇಸ್ತ್ರಿ ಮಾಡಿಕೊಟ್ಟದ್ದು ಇದೇ ಮೊದಲು. ಕೊನೆಗೂ ತಮ್ಮ ಹುದ್ದೆಯ ಬೆಲೆ ಇವಳಿಗೆ ತಿಳಿಯಿತು ಎಂದು ಸಾಹೇಬರು ಬೀಗಿದರು.

“ನೀನು ಇವತ್ತೂ ಅಕ್ಕನ ಮನೆಗೆ ಹೋಗ್ತೀಯೇನು? ತಿಂಗಳಿಗೊಂದ್ಸಲ ಅದೇನು ಅಕ್ಕನ ಮನೆಯೋ. ಬಂದು ಮಂಡಿಗೆ ಎಣ್ಣೆ ತಿಕ್ಕೋದೂ ತಪ್ಪಲ್ಲ.”

“ಇವತ್ತು ಹೋಗಲ್ಲ” ಎಂದರು ಆಕೆ.

ಬಸ್ ಸ್ಟಾಪಿನಲ್ಲಿ ಎದುರುಮನೆಯ ಔಷಧಿ ಅಂಗಡಿಯವರು ಸ್ಕೂಟರ್ ತಂದು ನಿಲ್ಲಿಸಿದರು. ಯಾರ ಮನೆಯಲ್ಲಿ ಸೀನಿದರೂ ಓಡಿಬರುವ ಆಸಾಮಿ ಅವರು.

“ಹತ್ತಿ ಸಾಹೇಬ್ರೆ, ಕೋರ್ಟ್ ಬಾಗಿಲಲ್ಲೇ ಇಳಿಸ್ತೀನಿ.”

“ನಿಮ್ಮ ಮಗಳು ಕಾನೂನು ಓದ್ತಿದ್ದಾಳೆ ಅಲ್ವೇ? ನಾಳೆ ವಕೀಲೆ ಆಗ್ತಾಳೆ. ಆಗಲ್ಲ, ಆಗಲ್ಲ.”

“ಅವಳಿನ್ನೂ ಮೊದಲ್ನೇ ವರ್ಷ ಫೇಲ್ ಆಗಿ ಕೂತಿದ್ದಾಳೆ ಮಾರಾಯ್ರೆ!”

ಸಾಹೇಬರು ಮುಖ ತಿರುಗಿಸಿ ಬಸ್ಸು ಹತ್ತಿದರು. ಕುಳಿತಿದ್ದವರೊಬ್ಬರು ಎದ್ದು ಜಾಗ ಬಿಟ್ಟರೆ, “ತಾವು ವಕೀಲರೋ?” ಎಂದು ವಿಚಾರಿಸಿದರು. ಅವರು ಗಾಬರಿಯಿಂದ ಮತ್ತೆ ಕುಳಿತುಬಿಟ್ಟರು. ಮುಕ್ಕಾಲು ದಾರಿಗೆ ಬಸ್ಸು ಒಮ್ಮೆ ಕೆಮ್ಮಿ ನಿಂತುಹೋಯಿತು. ಸಭೆಗೆ ಇನ್ನು ಇಪ್ಪತ್ತೇ ನಿಮಿಷ. ಧುಮುಕಿದವರೇ ಓಡಹೊರಟರು. ಹತ್ತು ಹೆಜ್ಜೆಗೆ ಉಂಗುಷ್ಟ ಕಿತ್ತು, ಚಪ್ಪಲಿ ಒಂದು ಕಡೆ, ಸಾಹೇಬರು ಒಂದು ಕಡೆ, ಎಡಗಾಲು ಮೊಣಕಾಲಿನವರೆಗೆ ಚರಂಡಿಯಲ್ಲಿ.

ಜನ ಸೇರಿತು. ಒಬ್ಬ ನೀರು ಚಿಮುಕಿಸಿದ, ಇನ್ನೊಬ್ಬ ಕಾಲು ಮುರಿದಿದೆ ಎಂದು ಸಾರಿದ. ಅಷ್ಟರಲ್ಲಿ ಬಸ್ಸಿನ ಹಿಂದೆಯೇ ಬಂದಿದ್ದ ಔಷಧಿ ಅಂಗಡಿಯವರು ಪ್ರತ್ಯಕ್ಷರಾದರು.

“ನಾನ್ ಹೇಳ್ಲಿಲ್ವಾ? ನನ್ನ ಮಾತು ಯಾರು ಕೇಳ್ತಾರೆ!” ಎನ್ನುತ್ತಾ ಕೈಚಾಚಿ ಒಂದು ಕಾರನ್ನು ನಿಲ್ಲಿಸಿದರು. ಸಾಹೇಬರು ಬೇಡ ಬೇಡವೆಂದು ಕೂಗುತ್ತಿದ್ದಂತೆಯೇ ನಾಲ್ಕು ಜನ ಮೂಟೆ ಎತ್ತಿದ ಹಾಗೆ ಎತ್ತಿ ಒಳಗೆ ತುಂಬಿದರು. ಚಪ್ಪಲಿಗಳೆರಡನ್ನೂ ಬೀದಿಯಲ್ಲೇ ಬಿಟ್ಟು ಕಾರು ಹೊರಟೇಬಿಟ್ಟಿತು.

ಕಾರಿನವನು ಬಲು ಸೌಮ್ಯ. ಕಾಲು ಒರೆಸಿಕೊಳ್ಳಲು ತನ್ನ ಟವೆಲ್ಲು ಕೊಟ್ಟ. ಸೀಟಿನ ಕೆಳಗಿಂದ ಒಂದು ಜೊತೆ ಬೂಟು ತೆಗೆದು, “ಹಾಕ್ಕೊಳ್ಳಿ ಸಾರ್, ಬರಿಗಾಲಲ್ಲಿ ಹೇಗೆ ಹೋಗ್ತೀರಾ?” ಎಂದ. ಸಾಹೇಬರು ಮೊದಲು ಅನುಮಾನದಿಂದ ನೋಡಿದರು. ಬಣ್ಣದ ಅಂಗಿ, ನಗುಮುಖ, ಯಾವ ದಿಕ್ಕಿನಿಂದಲೂ ವಕೀಲನಂತೆ ಕಾಣಲಿಲ್ಲ. ಗಡಿಯಾರ ನೋಡಿಕೊಂಡು ಬೂಟಿಗೆ ಕಾಲು ತೂರಿಸಿದರು. ಎರಡು ಸೈಜು ದೊಡ್ಡದು.

“ಎಲ್ಲಿಗೆ ಸಾರ್?”

“ಕೋರ್ಟಿಗೆ. ಹೆಸರು ಹೇಳೋ ಹಾಗಿಲ್ಲ, ಒಬ್ಬ ಕಟುಕನಿಗೆ ಬುದ್ಧಿ ಕಲಿಸೋದಿದೆ. ಒಂದು ಹೆಣ್ಣುಮಗಳ ಪತ್ರಗಳ ಮೇಲೆ ನಾಲ್ಕು ವರ್ಷ ಕೂತಿದ್ದಾನೆ, ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ!”

“ಅಯ್ಯೋ ಪಾಪ. ಅಂಥೋರೂ ಇರ್ತಾರಾ?”

“ಇರ್ತಾರೇನ್ರೀ, ಅಂಥೋರೇ ಇರೋದು! ಕೇಳಿದ್ರೆ ನಾಳೆ ಬನ್ನಿ ಅಂತಾನಂತೆ.”

“ಛೆ ಛೆ” ಎಂದು ಕಾರಿನವನು ತಲೆಯಾಡಿಸಿದ.

ಕೋರ್ಟಿನ ಅಂಗಳದಲ್ಲಿ ಕಾರು ನಿಂತಿತು. ಸಾಹೇಬರು ಕೈಮುಗಿದು, ಬೂಟು ನಾಳೆಯೇ ತಲುಪಿಸುತ್ತೇನೆ, ಮನೆ ಎಲ್ಲಿ ಎಂದು ಕೇಳಿದರು. “ಅದಕ್ಕೇನು ಸಾರ್, ನಿಧಾನವಾಗಿ ಕೊಡಿ. ನಾನೂ ಇಲ್ಲಿಗೇ ಬಂದಿದ್ದು” ಎಂದ ಆತ, ಹಿಂದಿನ ಸೀಟಿನಿಂದ ಒಂದು ಕಪ್ಪು ಕೋಟು ತೆಗೆದು ಕೊಡವಿ ತೊಟ್ಟುಕೊಂಡ. ಅದೇ ಹೊತ್ತಿಗೆ ಜವಾನ ಮೆಟ್ಟಿಲ ಮೇಲೆ ನಿಂತು ಹದಿನೇಳನೇ ನಂಬರಿನ ದೂರಿಗೆ ಒಳಗಾದ ವಕೀಲರ ಹೆಸರು ಕೂಗಿದ.

“ಬಂದೆ” ಎಂದ ಕಾರಿನವನು.

ಸಾಹೇಬರು ಬೂಟುಗಳನ್ನು ಬೆಂಕಿ ತುಳಿದವರಂತೆ ಕಿತ್ತೆಸೆದು, ಬರಿಗಾಲಲ್ಲಿ ಸಭೆಯ ಬಾಗಿಲಿಗೆ ಬಂದರು. ಗುಮಾಸ್ತರು ಉಪಕಾರದ ಫಾರಮ್ಮನ್ನು ಮುಂದಿಟ್ಟರು. ಸಾಹೇಬರು ಪೆನ್ನು ತೆಗೆದರು. ನಡೆದದ್ದನ್ನು ಕೇಳಿ ಗುಮಾಸ್ತರು ಪಿಸುಗುಟ್ಟಿದರು, “ಆ ಜಾಗ ಖಾಲಿ ಬಿಟ್ಬಿಡಿ ಸಾರ್. ಆ ಯಮ್ಮ ನಾಲ್ಕು ವರ್ಷದಿಂದ ಕಾಯ್ತಿದ್ದಾರೆ. ಇವತ್ತು ತಪ್ಪಿದ್ರೆ ಇನ್ನು ಆರು ತಿಂಗಳು.”

ಮಂಡಿನೋವು, ಮೂರು ಮಹಡಿ, ನಲವತ್ತೊಂದು ಸಲ. ಪೆನ್ನು ಗಾಳಿಯಲ್ಲಿ ನಿಂತಿತು. ಆದರೆ ಮೂವತ್ತೊಂದು ವರ್ಷ ಊರವರ ತಕ್ಕಡಿಯಲ್ಲಿ ಮುಳ್ಳು ಅಲುಗಿದರೂ ಬಿಡದವರು, ಈಗ ತಮ್ಮ ತಕ್ಕಡಿಗೆ ತಾವೇ ಬೆರಳು ಒತ್ತುವುದೆ? ‘ಪಡೆದಿದ್ದೇನೆ. ಕಾರು, ಟವೆಲ್ಲು, ಬೂಟು ಒಂದು ಜೊತೆ’ ಎಂದು ಬರೆದು ಸಹಿ ಹಾಕಿದರು.

“ನನ್ನ ಆಕ್ಷೇಪಣೆ ಏನೂ ಇಲ್ಲ, ಅವರು ಕೂತ್ಕೊಳ್ಳಲಿ” ಎಂದ ವಕೀಲ, ಜೇನು ಸುರಿಸುತ್ತಾ.

“ನಿಯಮ ಅವರೇ ಮಾಡಿಸಿದ್ದು” ಎಂದರು ಅಧ್ಯಕ್ಷರು. “ನಾಗರಿಕ ಸದಸ್ಯರು ಹೊರಗೆ ಹೋದ್ರೆ ಸಭೆ ಇಲ್ಲ. ಹದಿನೇಳನೇ ನಂಬರು ಮುಂದಕ್ಕೆ. ಆರು ತಿಂಗಳಲ್ಲಿ ಬೇರೆ ನಾಗರಿಕ ಸದಸ್ಯರು ಸಿಕ್ಕಿದ್ರೆ ನೋಡೋಣ.”

ಹೊರಗೆ ವಕೀಲ ಬೂಟುಗಳನ್ನು ಮತ್ತೆ ಮುಂದಿಟ್ಟ. “ಬಿಸಿಲಿದೆ, ಹಾಕ್ಕೊಂಡು ಹೋಗಿ ಸಾರ್. ವಾಪಸ್ ಕೊಡೋಕೆ ಅವಸರ ಇಲ್ಲ. ನಾಳೆ ಬನ್ನಿ.”

ಸಾಹೇಬರು ಬೂಟುಗಳನ್ನು ದಾಟಿ ನಡೆದರು. ಕಾದ ಟಾರಿನ ಮೇಲೆ ಬರಿಗಾಲಲ್ಲೇ ಮನೆ ಸೇರಿದರು. ಬಾಗಿಲಲ್ಲಿ ಹೆಂಡತಿ ಫೋನು ಹಿಡಿದು ಕೆಂಡವಾಗಿ ನಿಂತಿದ್ದರು.

“ನಿಮ್ಮ ಬೋರ್ಡಿಗಿಷ್ಟು ಬೆಂಕಿ ಹಾಕ! ಇವತ್ತು ನಾನು ಮಾತಾಡೋಳೇ” ಎಂದು ಅಡುಗೆಮನೆ ಬಾಗಿಲಿನ ಕಾಗದವನ್ನು ಪರ್ರನೆ ಹರಿದರು. “ನಮ್ಮಮ್ಮನ ಮನೆ ಪತ್ರ ರೀ! ನಾಲ್ಕು ವರ್ಷದಿಂದ ಆ ವಕೀಲನ ಕಚೇರಿ ಬಾಗಿಲು ಕಾದೆ. ಅಕ್ಕನ ಮನೆ, ಅಕ್ಕನ ಮನೆ ಅಂತ ನಿಮಗೆ ಸುಳ್ಳು ಹೇಳ್ದೆ. ನೀವೋ, ವಕೀಲರ ಸುದ್ದಿ ಎತ್ತಿದ್ರೆ ಮನೆಯಿಂದಾಚೆಗೆ ಹಾಕೋ ಪೈಕಿ. ಅದಕ್ಕೇ ನಿಮ್ಮ ಸಮಿತಿಗೇ ದೂರು ಕೊಟ್ಟೆ, ಅಕ್ಕನ ವಿಳಾಸದಲ್ಲಿ. ಇವತ್ತು ನೀವೇ ಕೂತು ನ್ಯಾಯ ಕೊಡಿಸ್ತೀರಾ ಅಂತ ಅಂಗಿಗೆ ಇಸ್ತ್ರಿ ಬೇರೆ ಮಾಡ್ದೆ!”

ಸಾಹೇಬರು ಕುರ್ಚಿ ಎಳೆದು ಕುಳಿತರು.

“ಈಗ ಮೆಸೇಜ್ ಬಂದಿದೆ ನೋಡಿ. ಒಬ್ಬ ಸದಸ್ಯ ಆ ವಕೀಲನಿಂದ ಉಪಕಾರ ಪಡೆದಿದ್ರಿಂದ ದೂರು ಮುಂದಕ್ಕೆ ಅಂತೆ. ಯಾರ್ ರೀ ಆ ಮನೆಹಾಳ? ನೀವು ಅಲ್ಲೇ ಇದ್ದು ಸುಮ್ನೆ ನೋಡ್ತಾ ಕೂತಿದ್ರಾ?”

“ಅದು...”

“ಏನೂ ಹೇಳ್ಬೇಡಿ. ನಿಯಮ ಅಂದ್ರೆ ನಿಯಮ, ದಿನಾ ನೀವೇ ಹೇಳೋದು. ಆ ಸದಸ್ಯನ ಮೇಲೇ ಇನ್ನೊಂದು ದೂರು ಹಾಕ್ತೀನಿ. ನಿಮ್ಮ ಅಕ್ಷರ ದುಂಡಗಿದೆ, ಬರೀರಿ.” ದೂರಿನ ಫಾರಂ ಮೇಜಿನ ಮೇಲೆ ಸಿದ್ಧವಾಗಿತ್ತು. ಆಕೆ ಮಂಡಿ ನೀವಿಕೊಳ್ಳುತ್ತಾ ಪಕ್ಕದಲ್ಲಿ ಕುಳಿತು ಹೇಳತೊಡಗಿದರು. ಲಜ್ಜೆಗೇಡಿ, ನಂಬಿಕೆದ್ರೋಹಿ, ಹೆಣ್ಣುಮಕ್ಕಳ ಕಣ್ಣೀರಿಗೆ ಬೆಲೆ ಕೊಡದವನು. ಸಾಹೇಬರು ಒಂದು ಒತ್ತಕ್ಷರವನ್ನೂ ಬಿಡದೆ ಬರೆದರು.

“ಮೇಲ್ಗಡೆ ಸದಸ್ಯನ ಹೆಸರು ಅಂತಿದೆಯಲ್ಲ, ಅದೊಂದು ಖಾಲಿ ಬಿಡಿ. ನಾಳೆ ಕೇಳ್ಕೊಂಡು ಬಂದ್ರಾಯ್ತು.”

ತಕ್ಕಡಿ ಸಾಹೇಬರು ಬದುಕಿನಲ್ಲಿ ಯಾವ ಫಾರಮ್ಮನ್ನೂ ಖಾಲಿ ಬಿಟ್ಟವರಲ್ಲ. ಬರೆದರು.

“ಅಯ್ಯೋ, ಏನ್ ರೀ ಇದು? ನಿಮ್ಮ ಹೆಸರು ಬರೆದ್ರಲ್ಲ! ಅದು ಆ ಮನೆಹಾಳನ ಹೆಸರು ಬರೆಯೋ ಜಾಗ!”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಬೊಬ್ಬೆಯೆದ್ದ ಪಾದಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು.

“ಗೊತ್ತು ಕಣೇ” ಎಂದರು.