ಮಾವನ ಲಾಸ್ಟ್ ಬಾಲ್

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷದವರೆಗೆ ನನ್ನ ಸೋದರಮಾವನ ತಲೆಯೊಳಗೆ ಮಿದುಳು ಇದೆ ಎನ್ನುವುದಕ್ಕೆ ನಮ್ಮ ಮನೆತನದಲ್ಲಿ ಯಾರ ಬಳಿಯೂ ಸಾಕ್ಷಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯವರು ಅದರ ಚಿತ್ರಗಳನ್ನೇ ತೆಗೆದು ಅಮ್ಮನ ಕೈಗಿಟ್ಟರು. "ಇದೆಯಂತೆ ಕಣೇ" ಎಂದು ಅಮ್ಮ ಅತ್ತಳು. ಆ ಅಳುವಿನಲ್ಲಿ ನಗುವೂ ಸ್ವಲ್ಪ ಇತ್ತೇನೋ. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮೊದಲು ಮಾವನ ಉದ್ಯೋಗ ಹೇಳಿಬಿಡುತ್ತೇನೆ. ಮಾವ ಚೆಂಡು ಎಸೆಯುತ್ತಾನೆ. ಅಷ್ಟೇ. ಕ್ರಿಕೆಟ್ ಅಕಾಡೆಮಿಗಳಲ್ಲಿ ಬ್ಯಾಟು ಹಿಡಿದವರಿಗೆ ಅಭ್ಯಾಸವಾಗಲೆಂದು ಹದಿನೈದು ಹೆಜ್ಜೆ ದೂರದಲ್ಲಿ ನಿಂತು ದಿನಕ್ಕೆ ನಾನೂರು, ಐನೂರು ಚೆಂಡು ಎಸೆಯುವುದು. ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಕೇಳಬೇಡಿ, ಅತ್ತೆಯ ತಂದೆ ಮದುವೆಗೆ ಮುಂಚೆ ಅದನ್ನೇ ಕೇಳಿದ್ದರು. ಅದಕ್ಕೂ ಹಿಂದೆ ಮಾವ ಬೌಲರ್. ಬೆನ್ಸನ್ ಟೌನಿನಿಂದ ಕೆ.ಆರ್. ಪುರದವರೆಗೆ ಹನ್ನೊಂದು ಕ್ಲಬ್ಬುಗಳಿಗೆ ಆಡಿದ. ಯಾವ ಕ್ಲಬ್ಬೂ ಅವನನ್ನು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಆ ಹನ್ನೊಂದು ಟೀ ಶರ್ಟುಗಳೂ ಈಗ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ನೆಲ ಒರೆಸುತ್ತಿವೆ. "ರೀ, ಹಲಸೂರು ಪೂರ್ತಿ ಹರಿದೋಯ್ತು, ಬೆನ್ಸನ್ ಟೌನ್ ತಕ್ಕೊಡಿ" ಎಂದು ಅತ್ತೆ ಅಡುಗೆಮನೆಯಿಂದ ಕೂಗುವುದನ್ನು ನಾನೇ ಕೇಳಿದ್ದೇನೆ.

ಮಾವನ ಬಲಗೈಗೆ ಆ ಮನೆಯಲ್ಲಿ ಹಿರಿಯರ ಸ್ಥಾನ. ಊಟ ಬಿಟ್ಟರೆ ಅದು ಬೇರೆ ಕೆಲಸ ಮಾಡುವುದಿಲ್ಲ. ತರಕಾರಿ ಚೀಲ, ಸಿಲಿಂಡರು, ಬಸ್ಸಿನ ಕಂಬಿ, ಎಲ್ಲ ಎಡಗೈಯದು. ಮಲಗುವಾಗ ಬಲಗೈಗೆ ಬೇರೆಯೇ ದಿಂಬು, ಮೇಲೊಂದು ಟವೆಲ್ಲು. ಕೈ ಅಡಿ ಸಿಕ್ಕಿಕೊಂಡರೆ ಎಬ್ಬಿಸಬೇಕೆಂದು ಅತ್ತೆಗೆ ಕಟ್ಟಪ್ಪಣೆ. "ನಂಗೆ ದಿಂಬಿಲ್ದಿದ್ರೂ ನಡೆಯತ್ತೆ, ಆ ಸವತಿಗೆ ಬೇಕು" ಎನ್ನುತ್ತಾಳೆ ಅವಳು. ನನ್ನ ಅಣ್ಣನ ಮದುವೆಯಲ್ಲಿ ಎಲ್ಲರ ಅಕ್ಷತೆ ಮುಂದೆ ಕೂತವರ ಬೆನ್ನಿಗೆ ಬಿದ್ದಾಗ, ಮಾವ ಕೊನೆಯ ಸಾಲಿನಿಂದ ತೋಳು ಬೀಸಿದ. ಒಂದು ಕಾಳೂ ದಾರಿ ತಪ್ಪಲಿಲ್ಲ. ಅಣ್ಣ ಎಡಗಣ್ಣು ಮುಚ್ಚಿಕೊಂಡೇ ತಾಳಿ ಕಟ್ಟಿದ.

ಇಂಥವನಿಗೆ ಒಂದು ಧರ್ಮವಿದೆ. ಬ್ಯಾಟುಗಾರ "ಲಾಸ್ಟ್ ಬಾಲ್" ಎಂದರೆ ಅದು ಕೊನೆಯದಲ್ಲ. ಬ್ಯಾಟಿನ ನಟ್ಟನಡುವೆ ತಾಕಿದ್ದು ಮಾತ್ರ ಕೊನೆಯದು. ತಾಕದಿದ್ದರೆ ಇನ್ನೊಂದು, ಮತ್ತೊಂದು. ಕೆಟ್ಟ ಹೊಡೆತ ಹೊಡೆದವನನ್ನು ಮನೆಗೆ ಕಳಿಸಬಾರದು, ರಾತ್ರಿಯೆಲ್ಲ ಅದೇ ಹೊಡೆತ ಅವನ ತಲೆಯೊಳಗೆ ತಿರುಗುತ್ತಿರುತ್ತದೆ ಎನ್ನುವುದು ಮಾವನ ಸಿದ್ಧಾಂತ.

ಆ ಭಾನುವಾರ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಮಾವನನ್ನು ಎಳೆದು ತರುವ ಕೆಲಸ ನನ್ನದು. ಬೈಯಪ್ಪನಹಳ್ಳಿಯ ಹತ್ತಿರದ ಅಕಾಡೆಮಿಗೆ ಹೋದೆ. ಬ್ಯಾಟು ಹಿಡಿದಿದ್ದವರು ಫ್ರೇಜರ್ ಟೌನಿನ ಚಪ್ಪಲಿ ವ್ಯಾಪಾರಿ ಸಾಹೇಬರು, ಐವತ್ತರ ಹತ್ತಿರದವರು. ಆರು ವರ್ಷದಿಂದ ಪ್ರತಿ ಭಾನುವಾರ ಬರುತ್ತಾರೆ. ಎಸೆಯುವವನ ಮುಂದೆ ಚಕ್ರವಿರುವ ಕಬ್ಬಿಣದ ಚೌಕಟ್ಟಿಗೆ ಕಟ್ಟಿದ ಬಲೆ ಇರುತ್ತದೆ. ಕೈ ಅದರ ಪಕ್ಕದಿಂದ ಹೊರಗೆ, ತಲೆ ಅದರ ಹಿಂದೆ. ಸಾಹೇಬರು "ಲಾಸ್ಟ್ ಬಾಲ್" ಎಂದರು, ಮಾವ ಎಸೆದ, ಚೆಂಡು ಎಲ್ಲೋ ಹೋಯಿತು. ಸದ್ಯ ಮುಗಿಯಿತಲ್ಲ ಎಂದು ನಾನು ಆ ಬಲೆಯನ್ನು ಗೋಡೆಯ ಕಡೆಗೆ ಉರುಳಿಸಿಬಿಟ್ಟೆ.

"ಉಸ್ತಾದ್, ಬಸ್, ಒಂದೇ ಒಂದು. ಮಿಡ್ಲ್ ಆಗಿಲ್ಲ."

"ಮಾವ, ಟೈಮ್ ನೋಡು" ಎಂದೆ, ನಾನೂ ಗಡಿಯಾರ ನೋಡುತ್ತ. ಹತ್ತು ನಲವತ್ತು. ಮಾವ ಬಲೆ ಇರಬೇಕಿದ್ದ ಜಾಗ ನೋಡಿದ, ನನ್ನ ಮುಖ ನೋಡಿದ. ಧರ್ಮ ಧರ್ಮವೇ. ಎಸೆದ.

ತೆಂಗಿನಕಾಯಿ ಒಡೆದ ಸದ್ದು. ಇವತ್ತಿಗೂ ದೇವಸ್ಥಾನದಲ್ಲಿ ಯಾರಾದರೂ ಕಾಯಿ ಒಡೆದರೆ ನಾನು ಹೊರಗೆ ಬಂದು ನಿಲ್ಲುತ್ತೇನೆ.

ಸಾಹೇಬರ ಬ್ಯಾಟಿನಿಂದ ನೆಟ್ಟಗೆ ವಾಪಸು ಬಂದ ಚೆಂಡಿಗೆ ಮಾವನ ಬಲಹುಬ್ಬಿನ ಮೇಲೆ ಮೂಳೆ ಸೀಳಿತ್ತು. ವಾರ್ಡಿನ ಬಾಗಿಲಲ್ಲಿ ಸಾಹೇಬರು ಪ್ಯಾಡು ಕೂಡ ಬಿಚ್ಚದೆ ಕಣ್ಣೊರೆಸುತ್ತ ನಿಂತಿದ್ದರು. ಮಾವ ಅವರನ್ನು ಒಳಗೆ ಕರೆದ. "ಅಳ್ಬೇಡಿ ಸಾಹೇಬ್ರೇ. ಆರು ವರ್ಷದಲ್ಲಿ ಇವತ್ತೇ ನೀವು ಇಂಥ ಮಿಡ್ಲ್ ಮಾಡಿದ್ದು."

ಬಲೆ ಹೇಗೆ ಸರಿಯಿತು ಎಂದು ಎಲ್ಲರೂ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ "ಗಾಳಿಗೆ" ಎಂದ. ಇಬ್ಬರು ಸೇರಿ ಎತ್ತಬೇಕಾದ ಕಬ್ಬಿಣ!

ಮಾವನಿಗೆ ಎಲ್ಲವೂ ಎರಡೆರಡು ಕಾಣತೊಡಗಿತ್ತು. ಅದು ಸರಿಹೋಗದಿದ್ದರೆ ಎಸೆಯುವ ಕೆಲಸ ಮರೆತುಬಿಡಿ ಎಂದರು ಡಾಕ್ಟರು. ಮಾವ ಬೇರೇನನ್ನಾದರೂ ಮರೆತಾನು, ಅದನ್ನಲ್ಲ. ಮನೆಗೆ ಬಂದ ಮರುದಿನದಿಂದ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣಿಗೆ ಕಾಲುಚೀಲದ ಉಂಡೆ ಎಸೆಯತೊಡಗಿದ.

"ದೃಷ್ಟಿ ತೆಗ್ಯೋಕೆ ಕಟ್ಟಿದ್ದಕ್ಕೆ ಸಾಕ್ಸ್ ಹೊಡೀತೀರಲ್ರೀ" ಎಂದಳು ಅತ್ತೆ.

"ಎರಡಿವೆ ಕಣೇ. ಒಂದು ನಿಂದು, ಒಂದು ನಂದು."

ದಿನಾ ಬೆಳಿಗ್ಗೆ ನಾನು ಫೋನು ಮಾಡಿ ನಿಂಬೆಹಣ್ಣು ಎಷ್ಟು ಎಂದು ಕೇಳುತ್ತಿದ್ದೆ. ಎರಡು. ಎರಡು. ಒಂದು ತಿಂಗಳಾದ ಮೇಲೆ "ಒಂದೂಮುಕ್ಕಾಲು" ಎಂದ. ಎರಡನೆಯ ತಿಂಗಳಿಗೆ ಒಂದೂಕಾಲು. ಅಷ್ಟು ದಿನವೂ ನಾನು ನಿದ್ದೆಯಲ್ಲಿ ಬಲೆ ಉರುಳಿಸುತ್ತಿದ್ದೆ, ಆ ಸದ್ದಿಗೆ ಏಳುತ್ತಿದ್ದೆ, ಮತ್ತೆ ನಿದ್ದೆ ಬಾರದೆ ಫೋನು ನೋಡುತ್ತ ಕೂರುತ್ತಿದ್ದೆ.

ಮೂರನೆಯ ತಿಂಗಳು ನಿಂಬೆಹಣ್ಣು ಒಂದಾಯಿತು. ಡಾಕ್ಟರೂ ಒಪ್ಪಿದರು. ಅಕಾಡೆಮಿಗೆ ಮರಳುವ ದಿನ ಮಾವ ಮೊದಲು ಕರೆಸಿದ್ದು ಸಾಹೇಬರನ್ನಲ್ಲ, ನನ್ನನ್ನು.

"ಪುಟ್ಟಿ, ಆ ಬಲೆ ತಂದು ನನ್ನ ಮುಂದೆ ನಿಲ್ಸು."

ನಿಲ್ಲಿಸಿದೆ.

"ಈಗ ಬ್ಯಾಟ್ ತಗೋ."

ಹುಟ್ಟಿದಾಗಿನಿಂದ ಬ್ಯಾಟು ಮುಟ್ಟಿದವಳಲ್ಲ ನಾನು. ಸಾಹೇಬರು ತಮ್ಮ ಹೆಲ್ಮೆಟ್ಟು ತೊಡಿಸಿ, ಚೂಡಿದಾರದ ಮೇಲೆ ಪ್ಯಾಡು ಕಟ್ಟಿ, "ಕಣ್ಣು ಮುಚ್ಬೇಡ ಬೇಟಿ" ಎಂದರು. ಮುಚ್ಚಿದೆ. ಮಾವ ಎಸೆದ. ಮತ್ತೆ ಎಸೆದ. ಚೆಂಡು ಬ್ಯಾಟಿಗೆ ತಾಕೀತು ಎಂಬ ಭಯಕ್ಕೇ ನಾನು ಹಿಂದೆ ಸರಿಯುತ್ತಿದ್ದೆ.

"ಸಾಕು ಮಾವ. ಇದೇ ಲಾಸ್ಟ್ ಬಾಲ್."

"ಅದನ್ನ ನಾನು ಹೇಳ್ತೀನಿ. ಬಲೆ ಸರ್ಸಿದ್ದು ನೀನು, ಬಲೆ ಇಲ್ಲ ಅಂತ ಗೊತ್ತಿದ್ದೂ ಎಸೆದಿದ್ದು ನಾನು. ಹೊಡಿ."

ನಲವತ್ತನೆಯದೋ ಐವತ್ತನೆಯದೋ, ಕೋಪಕ್ಕೆ ಕಣ್ಣು ತೆರೆದೇ ಬೀಸಿದೆ. ಅಂಗೈಗೆ ಏನೂ ತಿಳಿಯಲೇ ಇಲ್ಲ, ಅಷ್ಟು ಹಗುರ. ಚೆಂಡು ನೆಟ್ಟಗೆ ಮಾವನ ಮುಖಕ್ಕೇ ಹೋಯಿತು. ಬಲೆ ಉಬ್ಬಿ, ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ ಅದನ್ನು ಹಿಡಿದು ಕೆಳಗೆ ಹಾಕಿತು. ಮಾವ ರೆಪ್ಪೆ ಮಿಟುಕಿಸಲಿಲ್ಲ.

"ಹ್ಞಾಂ. ಈಗ ಮನೆಗೆ ಹೋಗು."

ಅಂದು ಮಲಗಿದವಳು ಬೆಳಗಾದ ಮೇಲೇ ಎದ್ದೆ. ಅತ್ತೆಯ ಫೋನು ಬಂದಿತ್ತು.

"ನಿದ್ದೆ ಮಾಡಿದ್ಯೇನೇ? ಸದ್ಯ. ಮೂರು ತಿಂಗ್ಳಿಂದ ನಿಮ್ಮಾವ ರಾತ್ರಿ ಫೋನ್ ಹಿಡ್ಕೊಂಡೇ ಕೂತಿರೋರು. 'ಮಗು ಇನ್ನೂ ಆನ್‌ಲೈನ್ ಇದಾಳೆ, ನಾನ್ ಹೇಗ್ ಮಲಗ್ಲಿ' ಅಂತ. ನಿನ್ನೆ ನೀನು ಬೇಗ ಆಫ್ ಆದೆ ನೋಡು, ಇವ್ರೂ ಬಿದ್ಕೊಂಡ್ರು. ಇನ್ನೂ ಎದ್ದಿಲ್ಲ. ಬಲಗೈ ಮೇಲೇ ಮಲ್ಗಿದಾರೆ ಕಣೇ, ಪೂರ್ತಿ ಅಡೀಲಿ ಹಾಕ್ಕೊಂಡು. ಎಬ್ಬಿಸ್ಲಾ?"

"ಬೇಡ ಅತ್ತೆ" ಎಂದೆ.