ಗೇರೆಣ್ಣೆಯಲ್ಲಿ ಬಂಗಾರ

ಚಿಂತೆ ಮಾಡುವವರಲ್ಲಿ ಎರಡು ಬಗೆ. ಕಾರಣ ಬಂದ ಮೇಲೆ ಚಿಂತೆಗೆ ಕೂರುವವರು ಒಂದು ಬಗೆ. ಚಿಂತೆಯನ್ನು ಮೊದಲೇ ಮಾಡಿಟ್ಟುಕೊಂಡು, ಕಾರಣ ಬಂದ ದಿನ ಬಾಗಿಲು ತೆರೆದು ‘ಬಾರಪ್ಪ, ಯಾಕಿಷ್ಟು ತಡ?’ ಎಂದು ಒಳಗೆ ಕರೆಯುವವರು ಇನ್ನೊಂದು ಬಗೆ. ನಾನು ಈ ಎರಡನೆಯ ಬಗೆಯವನು. ರೈಲು ಹುಟ್ಟುವುದೇ ನಮ್ಮ ಮಾರಿಕುಪ್ಪಂನಲ್ಲಿ, ಅದಕ್ಕಿಂತ ಹಿಂದೆ ಹಳಿಯೇ ಇಲ್ಲ; ಆದರೂ ಅದು ನನ್ನನ್ನು ಬಿಟ್ಟು ಹೊರಟುಬಿಟ್ಟರೆ ಎಂಬ ಭಯದಿಂದ ಇಂಜಿನ್ನಿಗೆ ಇನ್ನೂ ಬೆಂಕಿ ಹಾಕುತ್ತಿರುವಾಗಲೇ ಹೋಗಿ ಕಿಟಕಿ ಹಿಡಿದು ಕೂತಿರುತ್ತೇನೆ. ಕೂತ ಮೇಲಾದರೂ ನೆಮ್ಮದಿಯೇ? ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದು ಶುರುವಾಗುತ್ತದೆ. ಪಕ್ಕದಲ್ಲಿ ಹೆಂಡತಿ ಬೀಗದ ಕೈಯನ್ನು ಎತ್ತಿ ತೋರಿಸುತ್ತಾಳೆ. ಅದು ನಮ್ಮ ಮನೆಯ ಬೀಗದ ಕೈಯೇ ಹೌದೇ ಎಂದು ನಾನು ಕೇಳುತ್ತೇನೆ.

ಇಂಥ ಮನುಷ್ಯ ಕಾರು ಕೊಳ್ಳಬಾರದಿತ್ತು. ನಾನಾದರೂ ಕೊಳ್ಳಲು ಹೋದದ್ದು ಕಾರನ್ನಲ್ಲ. ನಮ್ಮೂರ ಚಿನ್ನದ ಗಣಿ ಆಗ ತಾನೇ ಸರ್ಕಾರದ ಕೈಗೆ ಬಂದಿತ್ತು. ಬಿಳಿಯ ದೊರೆಗಳು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟಿ ತಮ್ಮ ದೇಶಕ್ಕೆ ಹೊರಡುತ್ತಿದ್ದರು. ಅವರ ಬಂಗಲೆಗಳ ಮುಂದೆ ಮೇಜು, ಮಂಚ, ಹೂಕುಂಡ, ನಾಯಿಯ ತಟ್ಟೆ ಎಲ್ಲವೂ ಹರಾಜಿಗೆ ನಿಂತಿರುತ್ತಿದ್ದವು. ಸ್ಟೋರ್ಸ್ ಆಫೀಸಿನಲ್ಲಿ ಹೆಡ್‌ಕ್ಲಾರ್ಕಾಗಿದ್ದ ನಾನು ಒಂದು ಬೆತ್ತದ ಕುರ್ಚಿಯ ಮೇಲೆ ಕಣ್ಣಿಟ್ಟು ಹೋಗಿದ್ದೆ. ಕುರ್ಚಿ ಇನ್ಯಾರದೋ ಪಾಲಾಯಿತು. ಬರಿಗೈಯಲ್ಲಿ ಮನೆಗೆ ಹೋದರೆ ಏನೆನ್ನುತ್ತಾರೋ ಎಂಬ ಚಿಂತೆಯಲ್ಲಿ ನಿಂತಿದ್ದಾಗ ಕೊನೆಯ ಸಾಮಾನು ಕೂಗಿದರು, ನಾನು ಕೈಯೆತ್ತಿದೆ. ಅದು ಕಾರಾಗಿತ್ತು. ಪುಟ್ಟ ಕರಿಯ ಕಾರು. ಎದುರಿನಿಂದ ನೋಡಿದರೆ ಯಾರೋ ಬೈದು ಕೂರಿಸಿದ ಹಾಗೆ ಮುಖ. ಹೆಂಡತಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಒಳಗೆ ಇಣುಕಿ, “ಒಂದು ಕುರ್ಚಿ ಅಂತ ಹೋಗಿ ನಾಲ್ಕು ತಂದಿದ್ದೀರಲ್ಲ, ಬಿಡಿ” ಎಂದಳು.

ಕಾರಿಗೆ ನಾಲ್ಕು ಗೇರು. ಕೆಲವು ವರ್ಷ ನಾಲ್ಕೂ ನನ್ನ ಜೊತೆ ಮರ್ಯಾದೆಯಿಂದಲೇ ಇದ್ದವು. ಒಂದು ದಿನ ಬಂಗಾರಪೇಟೆ ರಸ್ತೆಯ ಇಳಿಜಾರಿನಲ್ಲಿ ವೇಗ ಹೆಚ್ಚಾಯಿತೆಂದು ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದೆ; ‘ಟಕ್’ ಎಂದಿತು. ಗೇರಿನ ಕೋಲು ತಾನಾಗಿ ನಡುವಿಗೆ ಬಂದು ನಿಂತಿತು. ಇಂಜಿನ್ ಒಂದು ಕಡೆ ಕೂಗುತ್ತಿದೆ, ಚಕ್ರ ತಮ್ಮ ಪಾಡಿಗೆ ಉರುಳುತ್ತಿವೆ, ಇಬ್ಬರಿಗೂ ಮಾತುಕತೆ ಇಲ್ಲ. ಮತ್ತೆ ಹಾಕಿದೆ, ಮತ್ತೆ ‘ಟಕ್’. ವಾರದೊಳಗೆ ನಾಲ್ಕನೆಯ ಗೇರು ಹಾಕುವುದೂ ಒಂದೇ, ಹಾಕದಿರುವುದೂ ಒಂದೇ ಆಯಿತು. ಆಫೀಸಿನಲ್ಲಿ ಒಬ್ಬರು ಕ್ಲಚ್ಚು ಎಂದರು, ಇನ್ನೊಬ್ಬರು ಎಣ್ಣೆ ಎಂದರು. ಕ್ಯಾಷಿಯರು ಮಾತ್ರ ನನ್ನ ಭುಜದ ಮೇಲೆ ಕೈಯಿಟ್ಟು, “ಮಾರಿಬಿಡಿ” ಎಂದು ಸಾವಿನ ಮನೆಯ ದನಿಯಲ್ಲಿ ಹೇಳಿದರು.

ಬೇರೆ ಸಮಯವಾಗಿದ್ದರೆ ನಾನು ಕಾರಿಗೆ ಬಟ್ಟೆ ಹೊದಿಸಿ ನಿಶ್ಚಿಂತೆಯಾಗಿ ಚಿಂತಿಸುತ್ತಿದ್ದೆ. ಆದರೆ ಮನೆಯಲ್ಲಿ ಅಕ್ಕ ಇದ್ದಳು. ಕ್ಯಾಸಂಬಳ್ಳಿಯ ಹತ್ತಿರ ಭಾವನ ಹೊಲಮನೆ. ಅಕ್ಕ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಇಲ್ಲಿ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು, ನಮ್ಮ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. ಕೋಲೂರಿ ನಡೆಯುವಷ್ಟು ಆಗಿತ್ತು. ಆದರೆ ಬಸ್ಸಿನ ಮೆಟ್ಟಿಲು, ರೈಲಿನ ಮೆಟ್ಟಿಲು ಹತ್ತುವ ಹಾಗಿಲ್ಲ, ಎತ್ತಿನ ಗಾಡಿಯ ಕುಲುಕಾಟ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಅಕ್ಕನ ಒಬ್ಬಳೇ ಮಗಳು ಲಕ್ಷ್ಮಿಯನ್ನು ಕೊಟ್ಟಿರುವುದು ಕಾಮಸಮುದ್ರದಿಂದಾಚೆಯ ಹಳ್ಳಿಗೆ. ಅವಳಿಗೆ ಶುಕ್ರವಾರ ಸೀಮಂತ. ಬಳೆ, ಸೀರೆ ತೆಗೆದುಕೊಂಡು ಸೋದರಮಾವನಾದ ನಾನು ಹೋಗಬೇಕು, ತಾಯಿ ಜೊತೆಗಿರಬೇಕು. ಬರುವಾಗ ಹುಡುಗಿಯನ್ನು ಹೆರಿಗೆಗೆ ನಮ್ಮ ಮನೆಗೇ ಕರೆತರಬೇಕು. ಎಲ್ಲಕ್ಕೂ ಇದ್ದದ್ದು ಈ ಕಾರೊಂದೇ.

“ಅಕ್ಕ, ಗೇರು ಹೋಗಿದೆ” ಎಂದೆ ಮೆಲ್ಲಗೆ.

“ಎಷ್ಟೈತ್ಲಾ ಒಟ್ಟು?”

“ನಾಲ್ಕು.”

“ನಾಕ್ರಾಗೆ ಒಂದು ಓದ್ರೆ ಏನ್ಲಾ ಸೀನ? ನಮ್ಮ ಗೌರಿ ಎಮ್ಮೆಗೆ ಒಂದು ಮೊಲೆ ಬತ್ತಿ ಎರಡು ವರ್ಸ ಆತು. ಮೂರ್ರಾಗೇ ಚೊಂಬು ತುಂಬಾ ಆಲು ಕೊಡ್ತಾ ಇಲ್ವಾ?”

ಎಮ್ಮೆ ಕಾಮಸಮುದ್ರದವರೆಗೆ ಓಡಬೇಕಾಗಿಲ್ಲ ಎಂದು ಹೇಳಬೇಕೆನಿಸಿತು. ಆದರೆ ಅಕ್ಕ ಆಗಲೇ ಹಸಿರು ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು, ಬಿರುಕಿದೆಯೋ ಎಂದು ನೋಡುತ್ತಿದ್ದಳು. ಆ ಮುಖ ನೋಡಿದವನು ‘ಹೋಗುವುದಿಲ್ಲ’ ಎನ್ನಲು ಗುಂಡಿಗೆ ಬೇಕು. ನನ್ನ ಗುಂಡಿಗೆಯ ವಿಷಯ ನಿಮಗೆ ತಿಳಿದೇ ಇದೆ.

ಮಾರನೆಯ ದಿನ ರಜೆ ಹಾಕಿ, ಮೂರನೆಯ ಗೇರಿನಲ್ಲೇ ರಾಗಿ ಮಿಲ್ಲಿನ ಹಾಗೆ ಅರಚಿಸಿಕೊಂಡು ಬಂಗಾರಪೇಟೆಯ ಪಾಪಣ್ಣನ ಶೆಡ್ಡಿಗೆ ಹೋದೆ. ಪಾಪಣ್ಣ ಯುದ್ಧಕಾಲದಲ್ಲಿ ಮರಳುಗಾಡಿನಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಕೆಲಸ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ ಎಂದು ಎಲ್ಲರೂ ಹೇಳಿದ್ದರು. ನಾನು ಕಂಡು ಬೆರಗಾದದ್ದು ಅವನ ಷರ್ಟನ್ನು. ಮದುವಣಿಗನ ಹಾಗೆ ಇಸ್ತ್ರಿ ಹಾಕಿದ ಬಿಳಿಯ ಷರ್ಟು! ಸುತ್ತ ನೆಲವೆಲ್ಲ ಎಣ್ಣೆಯಲ್ಲಿ ನೆಂದು ಕಪ್ಪಾಗಿದೆ, ಅದರ ನಡುವೆ ಇವನೊಬ್ಬ ಕೊಕ್ಕರೆಯ ಹಾಗೆ ನಿಂತಿದ್ದಾನೆ. ನಾನು ಷರ್ಟು ನೋಡುತ್ತಿರುವುದು ಅವನಿಗೂ ಗೊತ್ತಾಯಿತು.

“ಎಣ್ಣೆ ಬಿದ್ದಿರೋ ಷರ್ಟು ಕೆಲಸ ಕಲೀತಾ ಇರೋರ್ದು ಸಾಮಿ. ನಮ್ದು ಕಲ್ತು ಮುಗೀತು” ಎಂದ. ಆಮೇಲೆ, “ಏನ್ ಗೇರ್ ಕಳ್ಕೊಂಡ್ರಂತೆ? ದಾರೀನಾಗೆ ಎಲ್ಲಾನಾ ಬಿತ್ತಾ, ನೋಡ್ಕೊಂಡ್ ಬಂದ್ರಾ?” ಎಂದು ಕಣ್ಣು ಮಿಟುಕಿಸಿದ.

ನಾನು ನಿಜವಾಗಿಯೂ ಇಳಿದು ಹಿಂದೆ ನೋಡಿಕೊಂಡು ಬಂದಿದ್ದೆ. ಅದನ್ನು ಅವನಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಅವನು ಸ್ಪ್ಯಾನರು ಮುಟ್ಟಲಿಲ್ಲ. ಹಳೆಯ ಕಾಲದ ವೈದ್ಯರ ಹಾಗೆ ಮೊದಲು ಮಾತಿಗಿಳಿದ. ಗೇರು ಬಿಡುವುದು ಏರು ಎಳೆಯುವಾಗಲೋ, ಕಾಲು ತೆಗೆದಾಗಲೋ? ಬಿಡುವ ಮುಂಚೆ ಗರಗರ ಎನ್ನುತ್ತದೆಯೋ, ಸುಮ್ಮನೆ ಜಾರುತ್ತದೆಯೋ? ಕಾಲು ತೆಗೆದಾಗ, ಸುಮ್ಮನೆ, ಎಂದೆ. ಕಾರಿನಡಿ ಇಣುಕಿ, ಇಂಜಿನ್ ಕೂರುವ ರಬ್ಬರುಗಳನ್ನು ಒತ್ತಿ ನೋಡಿ, “ಇದಲ್ಲ” ಎಂದ. ಆಮೇಲೆ ನನ್ನ ಪಕ್ಕದಲ್ಲಿ ಕೂತು, “ಓಡ್ಸಿ ಸಾಮಿ, ನಾನಿಲ್ಲ ಅಂತ್ಲೇ ಅಂದ್ಕಳಿ” ಎಂದ. ರೈಲ್ವೆ ಗೇಟಿನವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಬಾಯಿ ಗಟ್ಟಿ ಎಂದು ಹೆಸರಾದವನು ಬಾಯಿ ಮುಚ್ಚಿ ಕೂತರೆ ಎಷ್ಟು ಭಯವಾಗುತ್ತದೆಂದು ಅಂದು ತಿಳಿಯಿತು.

ಬಂದವನೇ, ಎಣ್ಣೆ ಬಿಸಿಯಿರುವಾಗಲೇ ಗೇರುಪೆಟ್ಟಿಗೆಯ ತಳದ ಬಿರಡೆ ಬಿಚ್ಚಿ, ಅಷ್ಟನ್ನೂ ಒಂದು ಬಿಳಿ ಪಿಂಗಾಣಿ ಬೋಗುಣಿಗೆ ಇಳಿಸಿದ. ಬೋಗುಣಿಯನ್ನು ಬಿಸಿಲಿಗೆ ಒಯ್ದು ಬೆರಳದ್ದಿದ. “ನೋಡಿ ಸಾಮಿ.” ನೋಡಿದೆ. ಕರಿಯ ಎಣ್ಣೆಯಲ್ಲಿ ಹಳದಿ ಪುಡಿ ಮಿಣಮಿಣ ಮಿನುಗುತ್ತಿತ್ತು. ನಾನೂ ಎಡಗೈ ಅದ್ದಿ ಉಜ್ಜಿ ನೋಡಿದೆ, ಬೆರಳೆಲ್ಲ ಹೊನ್ನಾಯಿತು.

ಬೇರೆ ಊರಿನವನಾಗಿದ್ದರೆ ‘ಏನಿದು?’ ಎಂದು ಕೇಳುತ್ತಿದ್ದ. ನಾನು ಚಿನ್ನದ ಗಣಿಯ ನೌಕರ. ನಮ್ಮಲ್ಲಿ ಲೆಕ್ಕಕ್ಕೆ ಸಿಗದ ಹಳದಿ ಪುಡಿ ಕಂಡರೆ ಕೇಳುವವನು ಪೊಲೀಸಿನವನು. ಕಾರು ಮೊದಲು ಯಾರದು? ಗಣಿಯ ದೊರೆಯದು. ದೊರೆ ಎಲ್ಲಿ? ಕಡಲಾಚೆ. ಕಾರು ಈಗ ಯಾರ ಹೆಸರಿನಲ್ಲಿದೆ? ಬಚ್ಚಿಟ್ಟ ಚಿನ್ನವನ್ನು ಮರೆತು ಹಡಗು ಹತ್ತುವಷ್ಟು ಮರೆವಿನ ದೊರೆ ಎಲ್ಲಾದರೂ ಉಂಟೇ ಎಂಬ ಪ್ರಶ್ನೆ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಕೈಗೆ ಕೋಳ ಬೀಳುವುದು ಹೊಳೆಯಿತು. ಸೀಮಂತಕ್ಕೆ ಸೋದರಮಾವ ಪೊಲೀಸ್ ವ್ಯಾನಿನಲ್ಲಿ ಬಂದಿಳಿಯುವುದು ಕಣ್ಣಿಗೆ ಕಟ್ಟಿತು.

ಪಾಪಣ್ಣ ಅಷ್ಟರಲ್ಲಿ ಎಲ್ಲಿಂದಲೋ ಒಂದು ಅಯಸ್ಕಾಂತ ತಂದು ಎಣ್ಣೆಯಲ್ಲಿ ಆಡಿಸಿದ. ಎತ್ತಿ ನೋಡಿದ. ಒಂದು ಚೂರೂ ಅಂಟಿರಲಿಲ್ಲ. “ಭೇಷ್!” ಎಂದು ತೊಡೆ ತಟ್ಟಿದ. “ಕಬ್ಬಿಣ ಅಲ್ಲ!”

ಅವನಿಗೆ ಸಮಾಧಾನ ತಂದ ಆ ಮಾತೇ ನನ್ನ ಪಾಲಿಗೆ ಸಾಕ್ಷಿಯಾಯಿತು. ಕಬ್ಬಿಣವಲ್ಲ! ಅಯಸ್ಕಾಂತಕ್ಕೆ ಹತ್ತದ ಹಳದಿ ಲೋಹ! ನಾನು ಅವನ ಕಿವಿಯ ಹತ್ತಿರ ಬಗ್ಗಿ, “ಪಾಪಣ್ಣ, ನಿನ್ನ ದಮ್ಮಯ್ಯ, ಚೆಲ್ಲಿಬಿಡು. ನೀನೂ ನೋಡಿಲ್ಲ, ನಾನೂ ನೋಡಿಲ್ಲ” ಎಂದೆ.

“ಏನ್ನ?”

“ಅದನ್ನೇ... ಬಂಗಾರವನ್ನ.”

ಪಾಪಣ್ಣ ನನ್ನನ್ನೂ ಬೋಗುಣಿಯನ್ನೂ ಸರದಿಯಂತೆ ನೋಡಿದ. ಕೊನೆಗೆ ತೆಲುಗಿನಲ್ಲಿ “ಓರಿ ದೇವುಡಾ!” ಎಂದು ಕೂಗಿ, ಬೋಗುಣಿ ತುಳುಕದ ಹಾಗೆ ಜೋಪಾನವಾಗಿ ಕೆಳಗಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗಲೂ ಷರ್ಟು ಗೋಡೆಗೆ ತಾಗದಂತೆ ನೋಡಿಕೊಂಡ.

“ಕಂಚು ಸಾಮಿ, ಕಂಚು! ಕಬ್ಬಿಣದ ಪುಡಿ ಬಂದಿದ್ರೆ ಗೇರಿನ ಹಲ್ಲೇ ಓಯ್ತು ಅಂತ. ಬನ್ನಿ, ನಿಮ್ಮ ಬಂಗಾರದ ಗಣೀನ ತೋರುಸ್ತೀನಿ.”

ಕಾರಿನ ನೆಲದ ಚಾಪೆ ಎತ್ತಿ ಗೇರುಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗಿನಿಂದ ಕವೆಯ ಆಕಾರದ ಒಂದು ತುಂಡನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡ. ನಾವು ಮೇಲೆ ಕೋಲು ದೂಡಿದರೆ ಒಳಗೆ ಈ ಕವೆ ಒಂದು ಬಳೆಯನ್ನು ದೂಡುತ್ತದಂತೆ. ಬಳೆ ಹೋಗಿ ಹಲ್ಲಿಗೆ ಹಲ್ಲು ಕೂರಿಸಿದರೆ ಅದೇ ಗೇರು. ಬಳೆ ಸುತ್ತುತ್ತಲೇ ಇರುತ್ತದೆ, ಕವೆ ದೂಡಿದ ಮೇಲೆ ಸುಮ್ಮನಿರಬೇಕು. ನಮ್ಮ ಕವೆಯ ಒಂದು ಮಗ್ಗುಲು ನೆಕ್ಕಿದ ಬೆಲ್ಲದ ಹಾಗೆ ಸವೆದಿತ್ತು. ಅಷ್ಟು ಸವೆದದ್ದು ಬಳೆಯನ್ನು ಪೂರ್ತಿ ದೂಡಲಾರದು. ಹಲ್ಲು ಅರ್ಧ ಕಚ್ಚುತ್ತದೆ, ಕಾಲು ತೆಗೆದರೆ ಜಾರುತ್ತದೆ. ಮೂರನೆಯ ಗೇರಿಗೂ ಇದೇ ಕವೆ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಅದೂ ಹೋಗುತ್ತಿತ್ತು ಎಂದ.

“ಯಾಕೆ ಸವೆಯಿತು?” ಎಂದೆ.

“ಗೇಟ್‌ಗಂಟ ಓಗಿ ಬಂದ್ವಲ್ಲ, ನಾನು ರಸ್ತೆ ನೋಡ್ಲಿಲ್ಲ ಸಾಮಿ, ನಿಮ್ಮ ಎಡಗೈ ನೋಡ್ದೆ. ಗೇರ್ ಹಾಕಿದ ಮ್ಯಾಕೆ ತೆಗೀಲೇ ಇಲ್ಲ ನೀವು. ಕೋಲಿನ ಮ್ಯಾಲೆ ಇಟ್ಟು ಒತ್ತಿ ಹಿಡ್ಕಂಡಿದ್ರಿ, ಕೋಳಿ ಕುತ್ತಿಗೆ ಹಿಡ್ದಂಗೆ! ಯಾಕಂತೀನಿ?”

“ಗೇರು ಬಿಟ್ಟುಹೋದರೆ ಎಂದು...”

ಹೇಳುತ್ತ ಹೇಳುತ್ತಲೇ ನನ್ನ ದನಿ ಸಣ್ಣದಾಯಿತು. ನಾನು ಮೇಲೆ ಒತ್ತಿದ್ದು ಒಳಗೆ ಕವೆಯನ್ನು ಸುತ್ತುವ ಬಳೆಗೆ ಒತ್ತುತ್ತಿತ್ತು. ಗೇರು ಬಿಟ್ಟುಹೋದೀತೆಂದು ವರ್ಷಗಟ್ಟಲೆ ಹಿಡಿದು ಹಿಡಿದೇ ಅದು ಬಿಟ್ಟುಹೋಗುವ ಹಾಗೆ ಮಾಡಿದ್ದೆ. ಬೋಗುಣಿಯಲ್ಲಿ ಮಿನುಗುತ್ತಿದ್ದದ್ದು ದೊರೆಯ ಚಿನ್ನವಲ್ಲ, ನನ್ನ ಚಿಂತೆಯ ಪುಡಿ.

ಇನ್ನು ರಿಪೇರಿಯ ಮಾತು. ಅದನ್ನು ನೋಡಿದ ಮೇಲೆ ಪಾಪಣ್ಣ ಎಷ್ಟು ಜಂಬ ಕೊಚ್ಚಿದರೂ ಸಲ್ಲುತ್ತದೆ ಎನಿಸಿತು. ಹೊಸ ಕವೆ ಹಡಗಿನಲ್ಲಿ ಬರಬೇಕು. ಅಷ್ಟರಲ್ಲಿ ಲಕ್ಷ್ಮಿಯ ಮಗು ಶಾಲೆಗೆ ಹೋಗುತ್ತಿರುತ್ತದೆ. ಅವನು ಸವೆದ ಮಗ್ಗುಲಿಗೆ ಗ್ಯಾಸಿನ ಉರಿಯಲ್ಲಿ ಕಂಚು ಕರಗಿಸಿ ತುಂಬಿದ. ಆರಿದ ಮೇಲೆ ಅರ ಹಿಡಿದು ಕೂತ. ಬಳೆಯ ಸುತ್ತ ಕವೆ ಕೂರುವ ಕಾಲುವೆಗೆ ದೀಪದ ಮಸಿ ಸವರುವುದು, ಕವೆಯನ್ನು ಅದರಲ್ಲಿ ಕೂರಿಸಿ ತೆಗೆಯುವುದು, ಮಸಿ ಹತ್ತಿದ ಕಡೆ ಮಾತ್ರ ಅರ ಆಡಿಸುವುದು. ಮತ್ತೆ ಮಸಿ, ಮತ್ತೆ ಅರ. ಅಷ್ಟು ಹೊತ್ತೂ ಬಾಯಿಯಲ್ಲಿ ಮರಳುಗಾಡಿನ ಕಥೆ, ಕೈಯಲ್ಲಿ ಅಕ್ಕಸಾಲಿಗನ ನಿಧಾನ. ಎರಡಕ್ಕೂ ಸಂಬಂಧವೇ ಇಲ್ಲ. ಕೊನೆಗೆ ಕವೆ ಕಾಲುವೆಯೊಳಗೆ ಅಲುಗದೆ, ಆದರೆ ಬಿಗಿಯದೆ ನಿಂತಾಗ ಕಥೆಯನ್ನು ಅರ್ಧಕ್ಕೇ ಬಿಟ್ಟು ಒಂದು ಸಲ “ಹೂಂ” ಎಂದ. ಇಂಥ ಒಂದು “ಹೂಂ” ನಾನು ನನ್ನ ಆಫೀಸಿನ ಜೀವನದಲ್ಲಿ ಯಾವ ಕೆಲಸ ಮುಗಿಸಿಯೂ ಹೇಳಿದವನಲ್ಲ. ಕೋಲನ್ನು ತಡೆದು ನಿಲ್ಲಿಸುವ ಗುಂಡಿನ ಹಿಂದಿನ ಸ್ಪ್ರಿಂಗು ಬಳಲಿತ್ತು, ಅದಕ್ಕೊಂದು ವಾಷರು ಒತ್ತುಕೊಟ್ಟ. ಹೊಸ ಎಣ್ಣೆ ಹಾಕಿದ. ತಾನೇ ಓಡಿಸಿ, ಇಳಿಜಾರಿನಲ್ಲಿ ಬೇಕೆಂದೇ ಕಾಲು ತೆಗೆದು ತೋರಿಸಿದ. ‘ಟಕ್’ ಇಲ್ಲ. ಷರ್ಟಿನ ಮೇಲೆ ಒಂದು ಚುಕ್ಕೆಯೂ ಇಲ್ಲ.

ನನ್ನ ಕಣ್ಣು ತುಂಬಿ ಬಂತು. “ಪಾಪಣ್ಣ, ನೀನು ಮನುಷ್ಯನಲ್ಲ!” ಎಂದು ಅವನ ಭುಜ ಹಿಡಿದು ಅಲುಗಿಸಿದೆ. ಕೈ ತೆಗೆದಾಗ ಬಿಳಿಯ ಷರ್ಟಿನ ಮೇಲೆ ಐದು ಬೆರಳೂ ಮೂಡಿದ್ದವು, ಕಪ್ಪಾಗಿ, ನಡುನಡುವೆ ಮಿನುಗುತ್ತ.

ಪಾಪಣ್ಣ ಭುಜ ನೋಡಿಕೊಂಡ. “ಆ ಎಡಗೈನ ಮನೇನಾಗೆ ಕಟ್ಟಾಕಿ ಬನ್ನಿ ಸಾಮಿ” ಎಂದಷ್ಟೇ ಹೇಳಿದ.

ಶುಕ್ರವಾರ ಹೊರಟೆವು. ಹೆಂಡತಿ ಹಣ್ಣು, ಸೀರೆಗಳೊಡನೆ ಹಿಂದೆ. ಅಕ್ಕ ಮುರಿದ ಕಾಲು ಚಾಚಿಕೊಂಡು ಮುಂದೆ, ನನ್ನ ಪಕ್ಕದಲ್ಲಿ. ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ್ದೆ, ಅದೇ ತಪ್ಪಾಯಿತು. ನಾಲ್ಕನೆಯ ಗೇರು ಬಿದ್ದ ಕೂಡಲೇ ಅಕ್ಕ ಗೇರಿನ ಕೋಲಿನ ಮೇಲೆ, ಅದಕ್ಕೆ ತಾಗದ ಹಾಗೆ, ತನ್ನ ಅಂಗೈಯನ್ನು ಹಾವಿನ ಹೆಡೆಯಂತೆ ಹಿಡಿದಳು. ನನ್ನ ಕೈ ತಾನಾಗಿ ಅಲ್ಲಿಗೆ ಹೋದಾಗಲೆಲ್ಲ ಫಟ್ಟೆಂದು ಒಂದು ಬೀಳುತ್ತಿತ್ತು. “ತೆಗಿಲಾ ಕೈಯ! ಅದ್ಕೆ ಅಂಗೇ ಇರೋಕ್ ಬತ್ತದೆ.” ಏರು ಬಂದಾಗ ತಾನೇ ಕೈ ಹಿಂದಕ್ಕೆ ತೆಗೆದು, “ಊಂ, ಈಗ ಮೂರು ಆಕು” ಎಂದು ಅಪ್ಪಣೆ ಕೊಡತೊಡಗಿದಳು. ಹಳ್ಳಿ ತಲುಪುವ ಹೊತ್ತಿಗೆ ಅವಳ ಅಪ್ಪಣೆ ತಪ್ಪುತ್ತಿರಲಿಲ್ಲ, ನನ್ನ ಗೇರು ಎರಡು ಸಲ ತಪ್ಪಿತ್ತು. ಬೀಗರು ಬಂದು, ಇಷ್ಟು ದೂರ ನಾಜೂಕಾಗಿ ಕರೆತಂದಿರೆಂದು ನನ್ನನ್ನು ಹೊಗಳಿದರೆ, ಅಕ್ಕ ಕೋಲೂರಿ ಇಳಿಯುತ್ತ, “ಅವ್ನು ಬರೀ ಚಕ್ರ ತಿರುಗಿಸ್ದ. ಗೇರು ಕಾದಿದ್ದು ನಾನು” ಎಂದಳು. ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಲಕ್ಷ್ಮಿ ಓಡಿ ಬರಬಾರದ ಸ್ಥಿತಿಯಲ್ಲಿ ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. ಅಕ್ಕ ಅಲ್ಲಿಯೇ, ಕಾರಿನ ಬಾಗಿಲಲ್ಲೇ, ಅವಳ ಕೈಗೆ ಮೊದಲ ಬಳೆ ಏರಿಸಿದಳು. ನನಗೆ ಪಾಪಣ್ಣ ಇದನ್ನು ನೋಡಬೇಕಿತ್ತು ಎನಿಸಿತು; ಬೇರೆ ಷರ್ಟು ಹಾಕಿಕೊಂಡು.

ಬರುವಾಗ ಬಸುರಿ ಮಗಳ ಜೊತೆ ಅಕ್ಕ ಹಿಂದೆ ಕೂತಳು. ಹೆಂಡತಿ ನನ್ನ ಪಕ್ಕದಲ್ಲಿ ಕೂತವಳೇ ನಿದ್ದೆ ಹೋದಳು. ಗೇರಿಗೆ ಈಗ ಕಾವಲಿಲ್ಲ. ಕಾರಿನಲ್ಲಿ ಎರಡು ಜೀವದ ಹುಡುಗಿ; ಇಂಥ ಹೊತ್ತಿನಲ್ಲಿ ನನ್ನ ಕೈ ನನ್ನ ಮಾತು ಕೇಳುವುದೇ? ಗೇರು ಬದಲಿಸುವ ಕೆಲಸ ಮುಗಿದ ಕೂಡಲೇ ಎಡಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಗಟ್ಟಿಯಾಗಿ ಕೂತುಬಿಟ್ಟೆ. ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಲಕ್ಷ್ಮಿ ಗಾಬರಿಯಾಗಿ, “ಮಾವ, ಕೈಗೇನಾಯ್ತು?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: “ಕೈಗೇನೂ ಆಗಿಲ್ಲ ಕಣಮ್ಮಿ. ನಿಮ್ಮಾವ ಕಾವಿಗೆ ಕುಂತವ್ನೆ. ನೋಡ್ತಾ ಇರು, ನಿನ್ ಮಗೀಗಿಂತ ಮುಂಚೆ ಅವನ್ದೇ ಮರಿ ಆಚೆಗ್ ಬತ್ತದೆ.”

ಹಿಂದೆ ಇಬ್ಬರೂ ನಕ್ಕರು. ನಿದ್ದೆಯಲ್ಲಿದ್ದಾಳೆಂದು ನಾನು ತಿಳಿದಿದ್ದ ಹೆಂಡತಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಕಾರು ನಾಲ್ಕನೆಯ ಗೇರಿನಲ್ಲಿ, ಯಾರೂ ಹಿಡಿಯದೆ, ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಇಷ್ಟೊಂದು ಸದ್ದಿಲ್ಲದೆ ಹೋಗುವುದು ಒಳ್ಳೆಯ ಲಕ್ಷಣವೇ ಎಂದು ನಾನು ಯೋಚಿಸುತ್ತಿದ್ದೆ.