ಆಯಿಯ ಆಮೆನ್

ಚರ್ಚಿನಲ್ಲಿ ನಗಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೇ ಇರಬೇಕು, ನಗು ಬರುವಂಥದ್ದೆಲ್ಲ ಹುಡುಕಿಕೊಂಡು ಬಂದು ಅಲ್ಲೇ ನಡೆಯುತ್ತದೆ. ಅದರಲ್ಲೂ ಹಾಡು ಎತ್ತುವವನ ಮುಂದೆಯೇ ನಡೆಯುತ್ತದೆ. ಅವನು ಮಾತ್ರ ನಗುವ ಹಾಗಿಲ್ಲ, ಯಾಕೆಂದರೆ ಎಲ್ಲರೂ ಅವನ ಮುಖವನ್ನೇ ನೋಡುತ್ತಿರುತ್ತಾರೆ.

ಬನಹಟ್ಟಿಯ ನಮ್ಮ ಪುಟ್ಟ ಚರ್ಚಿನಲ್ಲಿ ಹಾಡು ಎತ್ತುವವನು ನಾನು. ಎಂದರೆ ಕೀರ್ತನೆಯ ಮೊದಲ ಸಾಲನ್ನು ಒಬ್ಬನೇ ಹೇಳಬೇಕು, ಉಳಿದವರು ಹಿಂದಿನಿಂದ ಬಂದು ಕೂಡಿಕೊಳ್ಳುತ್ತಾರೆ. ಸಂಗೀತ ಬರುತ್ತದೆಂದು ನನಗೆ ಈ ಕೆಲಸ ಸಿಗಲಿಲ್ಲ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಕಿಕ್ಕಿರಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಡ್ರೈವರಿಗೆ ಕೇಳುವ ಹಾಗೆ ಕೂಗಬಲ್ಲವನಿಗೆ ಬೇರೆ ಯೋಗ್ಯತೆ ಯಾಕೆ ಬೇಕು ಎಂದು ಹಿರಿಯರು ಯೋಚಿಸಿದರು. ಈಗ ಪಿಂಚಣಿ ಬಂದಿದೆ, ಬಸ್ಸು ಬಿಟ್ಟಿದೆ, ಹಾಡು ಬಿಟ್ಟಿಲ್ಲ.

ಇಷ್ಟು ವರ್ಷವೂ ನನ್ನದು ಒಂದೇ ಆಸೆ. ಎಲ್ಲರೂ ಕೂಡಿ ಶುರುಮಾಡಿದ ಕೀರ್ತನೆಯನ್ನು ಎಲ್ಲರೂ ಕೂಡಿ ಮುಗಿಸಬೇಕು. ಒಂದೇ ಒಂದು ಸಲ ಸಾಕು. ಅದಕ್ಕೆ ಅಡ್ಡಿ ಇದ್ದದ್ದು ಕಡೆಯ ಬೆಂಚಿನಲ್ಲಿ ಕೂಡುತ್ತಿದ್ದ ಆಯಿ. ಊರಿಗೆಲ್ಲ ಆಯಿ, ಎಂದರೆ ಅಜ್ಜಿ. ಬಾಳೆಲ್ಲ ಪಾವರ್‌ಲೂಮಿನ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿದವಳು, ಮಗ್ಗದ ಸದ್ದಿಗೆ ಕಿವಿ ಮಂದವಾಗಿತ್ತು. ನಾವೆಲ್ಲ ಆಮೆನ್ ಎಂದು ಬಾಯಿ ಮುಚ್ಚಿದ ಮೇಲೆ ಆಕೆಯ ‘ಆ’ ಹೊರಡುತ್ತಿತ್ತು. ‘ಮೆ’ಯ ಹತ್ತಿರ ಸ್ವಲ್ಪ ಸುಧಾರಿಸಿಕೊಂಡು ‘ನ್’ ಮುಟ್ಟುತ್ತಿತ್ತು. ಆಮೇಲೆಯೇ ನಿಂತಿದ್ದ ಸಭೆ ಕೂತುಕೊಳ್ಳುತ್ತಿತ್ತು.

ಎತ್ತು ಕೆಲಸ

ಮೈಸೂರು ಕಡೆಯಿಂದ ಒಬ್ಬ ಹೊಸ ಪಾಸ್ಟರು ಬಂದರು. ಬಹಳ ಒಳ್ಳೆಯ ಮನುಷ್ಯ. ನಮ್ಮ ಮಾತು ಮಾತ್ರ ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ನಂಬಿಕೆಯಿಂದ ತುಂಬಿಕೊಳ್ಳುತ್ತಿದ್ದರು. ಮೊದಲ ಭಾನುವಾರ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೆಲಸ ವಿಚಾರಿಸುತ್ತಿದ್ದರು. ನನ್ನ ಸರದಿ ಬಂದಾಗ ಆಯಿ ಹಿಂದಿನಿಂದ ಹೇಳಿದಳು:

“ಇಂವಾ ಕಂಡಕ್ಟರ್ ಅದಾನ್ರಿ. ಇಲ್ಲಿ ಎತ್ತು ಕೆಲಸಾನೂ ಇವಂದs ರಿ.”

‘ಎತ್ತುವ ಕೆಲಸ’ ಅನ್ನುವುದನ್ನು ನಾವು ‘ಎತ್ತು ಕೆಲಸ’ ಅನ್ನುತ್ತೇವೆ. ಪಾಸ್ಟರು ಸಂತೋಷದಿಂದ ತಲೆಯಾಡಿಸಿದರು. ಅಂದಿನ ಪ್ರಾರ್ಥನೆಯಲ್ಲಿ ರೋಗಿಗಳಾದರು, ಪರೀಕ್ಷೆ ಬರೆಯುವ ಮಕ್ಕಳಾದರು, ಕಡೆಗೆ ನನ್ನ ಹೆಸರೂ ಬಂತು. “ಕರ್ತನೇ, ನೌಕರಿಯ ಜೊತೆಗೆ ಬೇಸಾಯವನ್ನೂ ಮಾಡುತ್ತಿರುವ ಈ ಸಹೋದರನ ಎತ್ತುಗಳನ್ನು ಕಾಲುಬಾಯಿ ಬೇನೆಯಿಂದ ಕಾಪಾಡು.”

ಸಭೆ ಭಕ್ತಿಯಿಂದ ಆಮೆನ್ ಎಂದಿತು. ಆಯಿಯದು ಆಮೇಲೆ ಬಂತು. ನನ್ನ ಹೆಂಡತಿ ಕಣ್ಣು ತೆರೆಯದೆ ಮೊಣಕೈಯಿಂದ ತಿವಿದು ಕೇಳಿದಳು:

“ಎತ್ತ ಯಾವಾಗ ತಗೊಂಡ್ರಿ? ನನಗೊಂದು ಮಾತರೆ ಹೇಳಬಾರದೇನು?”

ರೈಟ್

ಎರಡು ಕಡೆ ದುಡಿಯುವವನ ನಾಲಿಗೆ ಎರಡು ಕಡೆಯೂ ತಪ್ಪುತ್ತದೆ. ಒಂದು ಭಾನುವಾರ ಡ್ಯೂಟಿಯಿಂದ ನೇರವಾಗಿ ಚರ್ಚಿಗೆ ಬಂದಿದ್ದೆ. ಕೀರ್ತನೆಯ ನಂಬರು ಹೇಳಿದೆ, ಪುಟ ತೆರೆಯುವ ಸದ್ದು ನಿಂತಿತು. ನಾನು ಮೊದಲ ಸಾಲು ಎತ್ತುವ ಬದಲು “ರೈಟ್” ಎಂದೆ.

ಯಾರೂ ನಗಲಿಲ್ಲ. ಅಷ್ಟೇ ಅಲ್ಲ, ಎಂದೂ ಇಲ್ಲದ ಹಾಗೆ ಎಲ್ಲರೂ ಒಂದೇ ಸಲಕ್ಕೆ ಶುರುಮಾಡಿದರು. ನಮ್ಮ ಜನರೆಲ್ಲ ಬಸ್ಸಿನಲ್ಲೇ ಓಡಾಡುವವರು, ರೈಟ್ ಅಂದರೆ ಹೊರಡಬೇಕು ಅನ್ನುವುದು ರಕ್ತದಲ್ಲೇ ಇತ್ತು. ಹಾಡು ಮುಗಿದ ಮೇಲೆ ತಬಲಾ ಬಾರಿಸುವವರು ನನ್ನ ಕಿವಿಯ ಹತ್ತಿರ ಬಗ್ಗಿ, “ವಾರಾ ವಾರಾ ಹಿಂಗs ಬಿಡ್ರಿ ಗಾಡಿ, ಛಲೋ ಓಡತೈತಿ” ಎಂದರು.

ಇದರ ಸೇಡು ಬಸ್ಸಿನಲ್ಲಿ ತೀರಿತು. ಜಮಖಂಡಿಯಿಂದ ಬೀಳಗಿಗೆ ಹೋಗುವ ಬಸ್ಸು. ಗಲಗಲಿಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಬಹಳ ಮಂದಿ ಹತ್ತಿದರು. ಮುಂದೆ ಸರಿಯಿರಿ ಎಂದು ಹೇಳಲು ಬಾಯಿ ತೆರೆದೆ. ಬಂದ ಮಾತು ಬೇರೆ. “ಈಗ ಎಲ್ಲರೂ ಎದ್ದು ನಿಲ್ಲೋಣ.”

ನನ್ನ ಧ್ವನಿಯಲ್ಲಿ ಏನಿತ್ತೋ, ಐದಾರು ಜನ ಎದ್ದೇಬಿಟ್ಟರು. ಕಿಟಕಿಯ ಪಕ್ಕ ಕೂತಿದ್ದ ತಲೆಗೆ ಪಟಗ ಸುತ್ತಿದ್ದ ಮುದುಕರೊಬ್ಬರು ಮಾತ್ರ ಅಲ್ಲಾಡಲಿಲ್ಲ.

“ಟಿಕೀಟ ತಗೊಂಡೇನಿ, ಸೀಟ ಹಿಡದೇನಿ. ರಾಷ್ಟ್ರಗೀತೆ ಹಾಡಿದ್ರ ಅಷ್ಟ ಏಳತೇನಿ ನೋಡ್ರಿ.”

ಕರೆಂಟು ಹೋದಾಗ

ನಮ್ಮ ಚರ್ಚಿನ ಗೋಡೆಗೆ ಅಂಟಿಕೊಂಡೇ ಒಂದು ಮಗ್ಗದ ಶೆಡ್ಡಿದೆ. ಅದರ ರಜೆ ಭಾನುವಾರ ಅಲ್ಲ. ಹೀಗಾಗಿ ನಮ್ಮ ಎಲ್ಲ ಕೀರ್ತನೆಗಳಿಗೂ ಮಗ್ಗದ್ದೇ ತಾಳ. ಪುಸ್ತಕದಲ್ಲಿ ‘ನಿಧಾನವಾಗಿ’ ಎಂದು ಅಚ್ಚಾಗಿದ್ದರೂ ನಾವು ಖಟ್ ಖಟ್ ಖಟ್ ಎಂದು ಹೊಡೆದುಕೊಂಡೇ ಹೋಗುತ್ತೇವೆ. ಸಾವಿನ ಮನೆಯಲ್ಲಿ ಹಾಡುವ ಹಾಡು ಕೂಡ ನಮ್ಮಲ್ಲಿ ಮದುವೆಯ ದಿಬ್ಬಣದಂತೆ ಓಡುತ್ತದೆ.

ಒಂದು ಭಾನುವಾರ ಹಾಡಿನ ನಡುವೆ ಕರೆಂಟು ಹೋಯಿತು. ಮಗ್ಗ ನಿಂತವು. ಮಗ್ಗದ ಜೊತೆಗೆ ಸಭೆಯೂ ನಿಂತಿತು, ಸಾಲಿನ ನಡುವೆಯೇ. ಎತ್ತಿದ ನಾನೇ ಕೈಬಿಟ್ಟೆ. ಪಾಸ್ಟರು ಇದೇನೋ ನಮ್ಮ ಕಡೆಯ ಪದ್ಧತಿ ಎಂದುಕೊಂಡು ಕಣ್ಣು ಮುಚ್ಚಿ ಕೈ ಜೋಡಿಸಿದರು.

ಕಿವಿ ಕೇಳದ ಆಯಿಗೆ ಮಗ್ಗ ನಿಂತದ್ದೂ ಗೊತ್ತಿಲ್ಲ, ನಾವು ನಿಂತದ್ದೂ ಗೊತ್ತಿಲ್ಲ. ತನ್ನ ಪಾಡಿಗೆ ತಾನು ಒಬ್ಬಳೇ ಹಾಡಿಕೊಂಡು ಹೋದಳು. ಆ ಒಡಕು ಧ್ವನಿಯನ್ನು ಒಂಟಿಯಾಗಿ ಕೇಳಿದ್ದು ಅದೇ ಮೊದಲು. ಚೆನ್ನಾಗಿತ್ತು, ಹೇಳಲು ನಾಚಿಕೆ ಏನು. ಆಕೆ ಒಂದು ಚರಣ ಮುಂದೆ ಹೋದ ಮೇಲೆ ಕರೆಂಟು ಬಂತು, ಮಗ್ಗ ಹೊರಟವು, ನಾವೂ ನಿಂತಲ್ಲಿಂದ ಹೊರಟೆವು.

ಆಕೆ ನಮಗಿಂತ ಮೊದಲು ಮುಗಿಸಿದ್ದು ಅದೊಂದೇ ದಿನ. ಆಕೆಯ ‘ನ್’ ಕಿವಿಗೆ ಬಿದ್ದದ್ದೇ ಮುಂದಿನ ಎರಡು ಬೆಂಚಿನವರು ರೂಢಿಯಂತೆ ಕೂತುಬಿಟ್ಟರು. ಬಾಯಲ್ಲಿ ಹಾಡು ಇನ್ನೂ ನಡೆದೇ ಇತ್ತು. ಆಯಿ ಪುಸ್ತಕ ಮುಚ್ಚಿ ಸುತ್ತಲೂ ನೋಡಿದಳು, ನಮ್ಮ ಬಾಯಿಗಳು ಆಡುತ್ತಿರುವುದು ಕಂಡಿತು. ಸಿಟ್ಟು ಬಂತು.

“ಎಷ್ಟ ಎಳೀತೀರಿ? ಮುಗಸ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ.”

ಬಿಷಪ್ಪರು ಬಂದದ್ದು

ಬಿಷಪ್ಪರು ಬರುವ ಸುದ್ದಿ ಬಂದಾಗ ನನ್ನ ಹಳೆಯ ಆಸೆ ಎದ್ದು ಕೂತಿತು. ಅಂದಾದರೂ ಎಲ್ಲರೂ ಕೂಡಿ ಮುಗಿಸಬೇಕು. ಆಯಿಯ ಮನೆಗೇ ಹೋದೆ. ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ:

“ಆಯಿ, ಅವತ್ತೊಂದಿನ ಆಮೆನ್ ನಮ್ಮ ಕೂಡ ಮುಗಸಬೇ.”

“ನಿಮಗೇನ ಗಡಿಬಿಡಿನೋ? ಒಂದ ಮಾತ ಹೇಳು. ಮುದುಕಿ ಒಬ್ಬಾಕಿ ಓಡಿ ಬರಾಕತ್ತಾಳಂದ್ರ, ಆಕಿನ್ನ ಬಿಟ್ಟು ರೈಟ್ ಅಂತೀಯೇನು?”

“ಇಲ್ಲ.”

“ಮತ್ತ? ಹಾಡಿನ್ಯಾಗೂ ಯಾರರೆ ಹಿಂದ ಉಳದಿರತಾರ. ಅವರ ಕೂಡ ಬರಾಕ ಯಾರರೆ ಒಬ್ಬರು ಬೇಕಲ್ಲ.”

ನನ್ನ ಮುಖ ನೋಡಿ ಆಕೆಗೇ ಕನಿಕರ ಬಂತು. “ಆತು ಬಿಡು, ನಿನ್ನ ಸಲುವಾಗಿ ಅವತ್ತ ಬಾಯಾಗ ಸೆರಗ ಇಟಗೊಂಡ ನಿಂದರತೇನಿ” ಎಂದಳು.

ಕೊಟ್ಟ ಮಾತಿನಂತೆ ಕಡೆಯ ಸಾಲಿಗೆ ಸೆರಗು ಬಾಯಿಗೆ ಹೋಯಿತು. ನಾವು ಆಮೆನ್ ಎಂದೆವು. ಬಿಷಪ್ಪರು ಕೂಡಲು ಬಗ್ಗಿದರು. ಅಷ್ಟರಲ್ಲಿ ಆಯಿಗೆ ಉಸಿರು ಸಾಲದಾಯಿತು, ಸೆರಗು ತೆಗೆದಳು. ತಡೆದು ಇಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಅಷ್ಟು ಉದ್ದದ ಆಮೆನ್ ಅದಕ್ಕೂ ಮೊದಲು ಬಂದಿರಲಿಲ್ಲ. ಅರ್ಧ ಕೂತಿದ್ದ ಬಿಷಪ್ಪರು ಮತ್ತೆ ಎದ್ದು ನಿಂತು ಕಣ್ಣು ಮುಚ್ಚಿದರು.

ಊಟದ ಹೊತ್ತಿಗೆ ನನ್ನನ್ನು ಕರೆದು, “ಆ ಕಡೆಯ ಆಮೆನ್ ಮನಸ್ಸಿಗೆ ನಾಟಿತು. ಆ ತಾಯಿಗೆ ನೀವೇ ಹೇಳಿಕೊಟ್ಟಿರೇನು?” ಎಂದರು.

“ಹೌದ್ರಿ, ಭಾಳ ವರ್ಷದಿಂದ ಹೇಳಾಕತ್ತೇನ್ರಿ” ಎಂದೆ. ಏನು ಹೇಳುತ್ತಿದ್ದೆ ಅನ್ನುವುದನ್ನು ಅವರು ಕೇಳಲಿಲ್ಲ.

ಎಲ್ಲರೂ ಕೂಡಿ

ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಮಲಗಿದವಳು ಮಲಗಿದಂತೆಯೇ ಹೋದಳು. ನಮ್ಮ ಮಗ್ಗದ ತಾಳದಲ್ಲೇ ಹಾಡಿ ಕಳಿಸಿಕೊಟ್ಟೆವು. ಮಣ್ಣು ಮಾಡುವ ಬಯಲಲ್ಲಿ ಮಗ್ಗವಿಲ್ಲ, ಆದರೂ ಕಾಲುಗಳಿಗೆ ಆ ತಾಳ ಗೊತ್ತಿತ್ತು. ಅಲ್ಲಿ ನಿಂತೇ ಇದ್ದೆವು, ಕೂಡುವ ಮಾತೇ ಇರಲಿಲ್ಲ. ಹೀಗಾಗಿ ನನಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಮುಂದಿನ ಭಾನುವಾರ. ನಂಬರು ಹೇಳಿದೆ, ರೈಟ್ ಎಂದೆ, ಹಾಡು ಹೊರಟಿತು. ಪಕ್ಕದ ಶೆಡ್ಡಿನ ಮಗ್ಗಗಳೂ ಸರಿಯಾಗಿ ನಡೆದವು, ಕರೆಂಟು ಹೋಗಲಿಲ್ಲ. ಕಡೆಯ ಸಾಲು ಬಂತು. ಆಮೆನ್ ಎಂದೆವು. ಎಲ್ಲರೂ, ಕೂಡಿ, ಒಂದೇ ಸಲ. ಇಷ್ಟು ವರ್ಷ ನಾನು ಬಯಸಿದ್ದು ಇದನ್ನೇ. ಆದರೆ ನನಗೆ ಸಂತೋಷ ಆಗಲಿಲ್ಲ.

ಯಾರೂ ಕೂತುಕೊಳ್ಳಲಿಲ್ಲ.

ಪುಸ್ತಕ ಮುಚ್ಚಿ ಸುಮ್ಮನೆ ನಿಂತಿದ್ದರು. ಕೂಡಬಹುದು ಎಂದು ಯಾರಿಗೂ ಅನಿಸಲಿಲ್ಲ. ಪಾಸ್ಟರೂ ನಿಂತರು. ತಬಲಾದವರ ಕೈ ಚರ್ಮದ ಮೇಲೆ ಹಾಗೇ ಉಳಿಯಿತು. ಕೆಲವರು ತಿರುಗಿ ಕಡೆಯ ಬೆಂಚನ್ನು ನೋಡಿದರು, ನೋಡಿದ್ದಕ್ಕೆ ತಾವೇ ನಾಚಿದರು. ನಮ್ಮನ್ನು ಇಷ್ಟು ವರ್ಷ ಕೂಡಿಸುತ್ತಿದ್ದದ್ದು ಆಕೆಯ ‘ನ್’ ಅನ್ನುವುದು ಅವತ್ತು ಗೊತ್ತಾಯಿತು.

ಯಾರಾದರೂ ಏನಾದರೂ ಮಾಡಲೇಬೇಕಿತ್ತು. ಹಾಡು ಎತ್ತಿದವನು ನಾನು. ಬಾಯಿ ತೆರೆದು ‘ಆ’ ಎಂದೆ. ಆಕೆ ಹೋಗುತ್ತಿದ್ದ ಹಾದಿಯಲ್ಲೇ ಹೋದೆ. ‘ಮೆ’ಯ ಹತ್ತಿರ ಸ್ವಲ್ಪ ನಿಂತೆ. ಆಮೇಲೆ ‘ನ್’. ಕಣ್ಣು ಮುಚ್ಚಿದ್ದೆ, ಬೆಂಚುಗಳು ಕಿರ್ ಎಂದದ್ದು ಕೇಳಿಸಿತು. ಮುಗಿಸಬಹುದಿತ್ತು, ಆದರೆ ಆ ‘ನ್’ ಬಿಟ್ಟರೆ ಅಳು ಬರುತ್ತದೆಂದು ಗೊತ್ತಿತ್ತು. ಹಿಡಿದುಕೊಂಡೇ ಹೋದೆ. ಉಸಿರು ಇರುವವರೆಗೂ ಹೋದೆ.

ಯಾರೋ ಅಂಗಿ ಹಿಡಿದು ಜಗ್ಗಿದರು. ಕಣ್ಣು ತೆರೆದೆ. ಸಭೆಯೆಲ್ಲ ಕೂತಿತ್ತು, ಪಾಸ್ಟರು ಕೂತಿದ್ದರು, ನಿಂತವನು ನಾನೊಬ್ಬನೇ. ನನ್ನ ಹೆಂಡತಿ ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಿಂದ ನನ್ನನ್ನು ಕೆಳಗೆ ಎಳೆಯುತ್ತ ಹೇಳಿದಳು:

“ಎಷ್ಟ ಎಳೀತೀರಿ? ಎಲ್ಲಾರೂ ಇಳದ ಹೋದ್ರು, ನೀವೊಬ್ರs ಬಾಗಲದಾಗ ನಿಂತೀರಿ.”